ವಿಯೆನ್ನಾದ ಉದ್ಯಾನಗಳು: ಗೇಟಿನ ಹೊತ್ತು ತಿಳಿದು ಹೋಗಿ

ವಿಯೆನ್ನಾದಲ್ಲಿ ಹಸಿರಿಗೆ ಬರವಿಲ್ಲ. ನಗರದ ವಿಸ್ತೀರ್ಣದ ಹೆಚ್ಚುಕಡಿಮೆ ಅರ್ಧ ಪಾಲು ಕಾಡು, ತೋಟ, ಹುಲ್ಲುಗಾವಲು, ದ್ರಾಕ್ಷಿತೋಟವೇ. ಬರ ಇರುವುದು ಬಂದವರ ಸಮಯಕ್ಕೆ. ಎರಡು ಮೂರು ದಿನಕ್ಕೆಂದು ಬಂದವರು ನಡುಮಧ್ಯಾಹ್ನದ ಬಿಸಿಲಲ್ಲಿ ಷೋನ್‌ಬ್ರುನ್ ಅರಮನೆಯ ಹಿಂದಿನ ಜಲ್ಲಿಹಾದಿ ತುಳಿದು, ಗುಡ್ಡ ಹತ್ತಿ ಇಳಿದು, ಸುಸ್ತಾಗಿ ಹೋಟೆಲಿಗೆ ಮರಳುತ್ತಾರೆ. ಅದೇ ಜಾಗಕ್ಕೆ ಬೆಳಿಗ್ಗೆ ಏಳಕ್ಕೆ ಹೋಗಿದ್ದರೆ ಅನುಭವ ಬೇರೆಯೇ ಇರುತ್ತಿತ್ತು. ಈ ಊರಿನ ಪಾರ್ಕುಗಳ ವಿಷಯದಲ್ಲಿ ಎಲ್ಲಿಗೆ ಹೋದಿರಿ ಎಂಬುದಕ್ಕಿಂತ ಎಷ್ಟು ಹೊತ್ತಿಗೆ, ಯಾವ ಗೇಟಿನಿಂದ ಹೋದಿರಿ ಎಂಬುದು ಮುಖ್ಯ.

ಅದಕ್ಕೆ ಮೊದಲು ಒಡೆತನದ ವಿಷಯ ತಿಳಿದಿರಬೇಕು. ಹಿಂದೆ ಚಕ್ರವರ್ತಿಗಳದ್ದಾಗಿದ್ದ ಷೋನ್‌ಬ್ರುನ್, ಬೆಲ್ವೆಡೇರ್, ಔಗಾರ್ಟನ್, ಬುರ್ಗ್‌ಗಾರ್ಟನ್, ಫೋಲ್ಕ್ಸ್‌ಗಾರ್ಟನ್ ಈಗ ಆಸ್ಟ್ರಿಯಾ ಸರ್ಕಾರದ ಬುಂಡೆಸ್‌ಗೆರ್ಟನ್ ಇಲಾಖೆಯ ಕೈಯಲ್ಲಿವೆ. ಷ್ಟಾಟ್‌ಪಾರ್ಕ್, ಟ್ಯುರ್ಕನ್‌ಷಾನ್ಸ್‌ಪಾರ್ಕ್‌ನಂಥವು ನಗರಾಡಳಿತದವು. ಬೋರ್ಡಿನ ಮೇಲೆ ಯಾರ ಹೆಸರಿದೆ ಎಂದು ಯಾರೂ ನೋಡುವುದಿಲ್ಲ, ಆದರೆ ನಿಯಮವೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಸರ್ಕಾರದ ತೋಟಗಳಿಗೆ ಗೋಡೆ ಅಥವಾ ಕಬ್ಬಿಣದ ಬೇಲಿ, ಬೀಗ ಬೀಳುವ ಗೇಟು. ಮುಚ್ಚುವ ಹೊತ್ತು ಸೂರ್ಯಾಸ್ತದ ಲೆಕ್ಕದಲ್ಲಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಒಳಗೆ ಸೈಕಲ್ ಓಡಿಸುವಂತಿಲ್ಲ, ಹುಲ್ಲಿನ ಬಹುಪಾಲು ನೋಡುವುದಕ್ಕಷ್ಟೇ. ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಹಳೆಯ ಮರಗಳ ಕೊಂಬೆ ಬಿದ್ದೀತೆಂದು ಇಡೀ ಉದ್ಯಾನವನ್ನೇ ಮುಚ್ಚುತ್ತಾರೆ. ಆಕಾಶ ನೀಲಿಯಾಗಿದ್ದರೂ ಗಾಳಿ ಜೋರಿದ್ದರೆ ಗೇಟಿನಲ್ಲೇ ವಾಪಸ್ಸು ಕಳಿಸುವುದುಂಟು. ನಗರದ ಪಾರ್ಕುಗಳಿಗೆ ಸಾಮಾನ್ಯವಾಗಿ ಗೇಟೇ ಇಲ್ಲ. ಹುಲ್ಲಿನ ಮೇಲೆ ಮಲಗಿ, ಉಣ್ಣಿ, ಚೆಂಡಾಡಿ, ಯಾರೂ ಕೇಳುವುದಿಲ್ಲ.

ಷೋನ್‌ಬ್ರುನ್‌ನಿಂದಲೇ ಶುರು ಮಾಡೋಣ, ಯಾಕೆಂದರೆ ಅದನ್ನು ಬಿಡುವ ಹಾಗಿಲ್ಲ. ಅರಮನೆ ಮತ್ತು ತೋಟ ಎರಡೂ 1996ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಉದ್ಯಾನ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 1.2 ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ ಒಂದು ಕಿಲೋಮೀಟರ್. ಒಳಗೆ ಹೋಗಲು ದುಡ್ಡಿಲ್ಲ. ಇದು ಗೊತ್ತಿಲ್ಲದೆ ಅರಮನೆಯ ಟಿಕೆಟ್ ಸಾಲಿನಲ್ಲಿ ನಿಂತವರು ಬಹಳ. ದುಡ್ಡು ಕೊಡಬೇಕಾದದ್ದು ಒಳಗಿನ ಬಿಡಿ ಬಿಡಿ ಭಾಗಗಳಿಗೆ: ಅರಮನೆಯ ಪಕ್ಕದ ರಾಜಕುಮಾರನ ತೋಟ, ಆರೆಂಜರಿ (ಕಿತ್ತಳೆ ಜಾತಿಯ ಗಿಡಗಳ ಮನೆ) ತೋಟ, ಪೊದೆಗೋಡೆಗಳ ಚಕ್ರವ್ಯೂಹ, ಗುಡ್ಡದ ಮೇಲಿನ ಗ್ಲೋರಿಯೆಟ್ ಮಂಟಪದ ತಾರಸಿ, ಗಾಜಿನ ಮನೆಗಳು, ಮೃಗಾಲಯ. ಇವನ್ನೆಲ್ಲ ಸೇರಿಸಿ ಮಾರುವ ಒಟ್ಟು ಟಿಕೆಟ್ ಮಕ್ಕಳಿರುವ ಕುಟುಂಬಕ್ಕೆ, ಇಡೀ ದಿನ ಅಲ್ಲೇ ಕಳೆಯುವವರಿಗೆ ಸರಿ. ಉಳಿದವರಿಗೆ ಅದು ದುಡ್ಡಿಗೆ ದಂಡ. ಗ್ಲೋರಿಯೆಟ್‌ನ ತಾರಸಿಯಿಂದ ಕಾಣುವ ನೋಟಕ್ಕೂ ಅದರ ಮುಂದಿನ ಮೆಟ್ಟಿಲಿನಿಂದ ಬಿಟ್ಟಿಯಾಗಿ ಕಾಣುವ ನೋಟಕ್ಕೂ ಅಂಥ ಅಂತರವೇನೂ ಇಲ್ಲ.

ಚಕ್ರವ್ಯೂಹದ ಬಗ್ಗೆ ಒಂದು ಮಾತು. 1720ರ ಸುಮಾರಿನ ಮೂಲ ಚಕ್ರವ್ಯೂಹ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಳಿದುಹೋಗಿತ್ತು. ಈಗಿರುವುದು 1990ರ ದಶಕದ ಕೊನೆಯಲ್ಲಿ ಹೊಸದಾಗಿ ನೆಟ್ಟದ್ದು. ಮಕ್ಕಳು ಖುಷಿಪಡುತ್ತಾರೆ, ಇತಿಹಾಸ ಹುಡುಕುವವರಿಗೆ ಅಲ್ಲಿ ಹೆಚ್ಚೇನಿಲ್ಲ.

ಬಹುತೇಕರು ಯು4 ಮೆಟ್ರೊದಲ್ಲಿ ಷೋನ್‌ಬ್ರುನ್ ನಿಲ್ದಾಣದಲ್ಲೇ ಇಳಿದು ಪ್ರವಾಸಿ ಬಸ್ಸುಗಳ ಜನಜಂಗುಳಿಯ ಜೊತೆ ಮುಖ್ಯ ಅಂಗಳಕ್ಕೆ ನುಗ್ಗುತ್ತಾರೆ. ಮುಂದಿನ ನಿಲ್ದಾಣವಾದ ಹೀಟ್ಸಿಂಗ್‌ನಲ್ಲಿ ಇಳಿಯಿರಿ. ಗಾಜಿನ ಮನೆಗೂ ಮೃಗಾಲಯಕ್ಕೂ ಅದೇ ಹತ್ತಿರ, ಗೇಟಿನಲ್ಲಿ ನೂಕುನುಗ್ಗಲಿಲ್ಲ. ಚಕ್ರವರ್ತಿಗೆಂದೇ ವಾಸ್ತುಶಿಲ್ಪಿ ಓಟೊ ವಾಗ್ನರ್ 1899ರಲ್ಲಿ ಕಟ್ಟಿದ ಪುಟ್ಟ ರೈಲು ಮಂಟಪವೂ ಅಲ್ಲೇ ಕಾಣಸಿಗುತ್ತದೆ. ತೋಟ ಬೆಳಿಗ್ಗೆ 6:30ಕ್ಕೆ ತೆರೆಯುತ್ತದೆ. ಆ ಹೊತ್ತಿನಲ್ಲಿ ಇರುವವರು ಓಟಗಾರರು, ತೋಟದ ಕೆಲಸಗಾರರು, ಮನುಷ್ಯರ ಹೆದರಿಕೆಯೇ ಇಲ್ಲದ ಅಳಿಲುಗಳು. ಹತ್ತು ಗಂಟೆಯ ನಂತರ ಅರಮನೆಗೂ ನೆಪ್ಚೂನ್ ಕಾರಂಜಿಗೂ ನಡುವಿನ ಹೂಪಾತಿಗಳ ಸುತ್ತ ಜನವೋ ಜನ. ಗ್ಲೋರಿಯೆಟ್ ಇರುವ ಗುಡ್ಡಕ್ಕೆ ಅಂಕುಡೊಂಕಾಗಿ ಏರುವ ಹಾದಿಯಲ್ಲಿ ನೆರಳಿಲ್ಲ. ಏರು ಸುಮಾರು 60 ಮೀಟರ್. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ ಅದನ್ನು ನೇರ ಹತ್ತಬೇಡಿ. ಬದಿಯ ಮರಗಳ ಸಾಲಿನೊಳಗೆ ಬಳಸಿಕೊಂಡು ಹೋದರೆ ಐದು ಹತ್ತು ನಿಮಿಷ ಹೆಚ್ಚು, ಬಿಸಿಲು ಇಲ್ಲವೇ ಇಲ್ಲ. ಅದೇ ಬದಿಯ ಹಾದಿಗಳಲ್ಲೇ 1778ರ ರೋಮನ್ ಅವಶೇಷವೂ ಸಿಗುತ್ತದೆ. ಅವಶೇಷ ಎಂದರೆ ಹಾಳಾದಂತೆ ಕಾಣಲೆಂದೇ ಹೊಸದಾಗಿ ಕಟ್ಟಿದ್ದು, ಆ ಕಾಲದ ಶೋಕಿ.

ಒಳಗಿನ ದುಡ್ಡಿನ ಜಾಗಗಳಲ್ಲಿ ಒಂದನ್ನೇ ಆರಿಸುವುದಾದರೆ ಪಾಲ್ಮನ್‌ಹೌಸ್ ಎಂಬ ತಾಳೆಮನೆಯನ್ನು ಆರಿಸಿ. 1882ರ ಕಬ್ಬಿಣ, ಗಾಜಿನ ಕಟ್ಟಡ. 111 ಮೀಟರ್ ಉದ್ದ, ಸುಮಾರು 45,000 ಗಾಜಿನ ಹಲಗೆ. ಒಳಗೆ ತಂಪು, ಹದ, ಉಷ್ಣವಲಯ ಎಂದು ಮೂರು ಹವೆಯ ಮೂರು ಭಾಗ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಬಾಗಿಲನ್ನು ಮುಚ್ಚಿಯೇ ಹೋಗಬೇಕು, ಇಲ್ಲವಾದರೆ ಹವೆ ಕಲೆತು ಎರಡೂ ಕಡೆಯ ಗಿಡಗಳಿಗೆ ತೊಂದರೆ. ಎದುರಿಗೇ ಮರುಭೂಮಿ ಮನೆ ಇದೆ. ಕಳ್ಳಿಗಿಡಗಳ ಹುಚ್ಚಿಲ್ಲದವರು ಅದನ್ನು ಬಿಡಬಹುದು. 1752ರಲ್ಲಿ ಶುರುವಾದ ಮೃಗಾಲಯ ಪ್ರಪಂಚದಲ್ಲಿ ಇಂದಿಗೂ ನಡೆಯುತ್ತಿರುವವುಗಳಲ್ಲಿ ಅತಿ ಹಳೆಯದು, ಚೆನ್ನಾಗಿಯೂ ನಡೆಸುತ್ತಾರೆ. ಆದರೆ ಅದಕ್ಕೆ ಅರ್ಧ ದಿನ ಬೇಕು, ತೋಟದ ಜೊತೆಗೆ ತುರುಕಬಾರದು.

ಬೆಲ್ವೆಡೇರ್‌ನಲ್ಲಿ ತಪ್ಪುವುದು ದಿಕ್ಕು. ತೋಟ ಇಳಿಜಾರಿನಲ್ಲಿದೆ: ಮೇಲೆ 1723ರ ಮೇಲಿನ ಅರಮನೆ, ಕೆಳಗೆ 1716ರ ಕೆಳಗಿನ ಅರಮನೆ. ಕೆಳಗಿನಿಂದ ಹೊರಟರೆ ಉದ್ದಕ್ಕೂ ಏರು, ತಲೆಯ ಮೇಲೆ ನೆರಳಿಲ್ಲ. ಟ್ರಾಮ್ ಡಿ ಅಥವಾ 18ರಲ್ಲಿ ಕ್ವಾರ್ಟಿಯರ್ ಬೆಲ್ವೆಡೇರ್ ನಿಲ್ದಾಣಕ್ಕೆ ಹೋಗಿ ಮೇಲಿನ ಗೇಟಿನಿಂದ ಒಳಬನ್ನಿ. ಅಲ್ಲಿಂದ ಸಂತ ಸ್ಟೀಫನ್ ಚರ್ಚಿನ ಗೋಪುರದ ಕಡೆ ಮುಖ ಮಾಡಿ ಇಳಿಯುತ್ತಾ ಬಂದರೆ ರೆನ್‌ವೆಗ್ ರಸ್ತೆಗೆ ಬಂದು ಮುಟ್ಟುತ್ತೀರಿ. ಈ ನೋಟಕ್ಕೆ ಬೆಲೆ ಎಷ್ಟೆಂದರೆ, ಹತ್ತಿರದ ಹೊಯ್‌ಮಾರ್ಕ್ಟ್‌ನಲ್ಲಿ ಎತ್ತರದ ಕಟ್ಟಡ ಕಟ್ಟುವ ಯೋಜನೆಯ ಕಾರಣಕ್ಕೆ ಯುನೆಸ್ಕೊ 2017ರಲ್ಲಿ ವಿಯೆನ್ನಾದ ಹಳೆಯ ಊರನ್ನೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಬೆಳಗಿನ ಬಿಸಿಲು ಫೋಟೊಗೆ ಒಳ್ಳೆಯದು. ಕಾರಂಜಿಗಳು ಚಳಿಗಾಲದಲ್ಲಿ ಹರಿಯುವುದಿಲ್ಲ.

ನಿಜ ಹೇಳಬೇಕೆಂದರೆ ಬೆಲ್ವೆಡೇರ್‌ನ ದೊಡ್ಡ ತೋಟ ಹತ್ತು ನಿಮಿಷದ್ದು. ಗಿಡಮರ ಪ್ರೀತಿಸುವವರು ಹೊರಳಬೇಕಾದದ್ದು ಅದರ ಪಕ್ಕಕ್ಕೆ. ಮೇಲಿನ ಅರಮನೆಯ ಮಗ್ಗುಲಲ್ಲೇ ಆಲ್ಪೈನ್ ತೋಟವಿದೆ. ಆರ್ಚ್‌ಡ್ಯೂಕ್ ಯೋಹಾನ್ 1803ರಲ್ಲಿ ಷೋನ್‌ಬ್ರುನ್‌ನಲ್ಲಿ ಆರಂಭಿಸಿದ ಈ ಸಂಗ್ರಹ 1865ರಲ್ಲಿ ಇಲ್ಲಿಗೆ ಬಂತು. ಸಣ್ಣ ಜಾಗದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಗೆಯ ಬೆಟ್ಟದ ಗಿಡಗಳು. ತೆರೆದಿರುವುದು ಮಾರ್ಚ್ ಕೊನೆಯಿಂದ ಆಗಸ್ಟ್ ಆರಂಭದವರೆಗೆ ಮಾತ್ರ, ಸಣ್ಣ ಶುಲ್ಕವಿದೆ. ಏಪ್ರಿಲ್ ಮತ್ತು ಮೇ ಆರಂಭದಲ್ಲಿ ಹೋಗಿ. ಜುಲೈ ಹೊತ್ತಿಗೆ ಹೂವು ಮುಗಿದು ಹೆಸರಿನ ಫಲಕ ಓದುವುದಷ್ಟೇ ಉಳಿದಿರುತ್ತದೆ. ಅದಕ್ಕೆ ಅಂಟಿಕೊಂಡೇ ವಿಶ್ವವಿದ್ಯಾಲಯದ ಸಸ್ಯತೋಟ. ಮಹಾರಾಣಿ ಮಾರಿಯಾ ತೆರೇಸಾ 1754ರಲ್ಲಿ ಔಷಧಿ ಗಿಡಗಳಿಗೆಂದು ಮಾಡಿಸಿದ್ದು, ಈಗ ಎಂಟು ಹೆಕ್ಟೇರ್, ಪ್ರವೇಶ ಉಚಿತ. ಬೆಲ್ವೆಡೇರ್‌ಗೆ ಬರುವ ಸಾವಿರಾರು ಜನರಲ್ಲಿ ಇಲ್ಲಿಗೆ ತಿರುಗುವವರು ಬೆರಳೆಣಿಕೆಯಷ್ಟು, ಹಾಗಾಗಿ ಬೆಂಚು ಸದಾ ಖಾಲಿ. ಊರ ನಡುವೆ ಪುಸ್ತಕ ಹಿಡಿದು ಕೂರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಗಾಳಿ ಜೋರಾದ ದಿನ ಇದನ್ನೂ ಮುಚ್ಚುತ್ತಾರೆ.

ಹಳೆಯ ಊರನ್ನು ಬಳಸುವ ರಿಂಗ್ ರಸ್ತೆಯ ಒಳಬದಿಯ ಎರಡು ತೋಟಗಳು ಹುಟ್ಟಿದ್ದು ನೆಪೋಲಿಯನ್ನನಿಂದ. 1809ರಲ್ಲಿ ಅವನ ಸೈನ್ಯ ಅರಮನೆಯ ಮುಂದಿನ ಕೋಟೆಯ ಕೊತ್ತಳ ಒಡೆದು ಹಾಕಿತು. ಬಯಲಾದ ಜಾಗದಲ್ಲಿ ಜನರಿಗೆ ಫೋಲ್ಕ್ಸ್‌ಗಾರ್ಟನ್, ಚಕ್ರವರ್ತಿಗೆ ಖಾಸಗಿ ಬುರ್ಗ್‌ಗಾರ್ಟನ್. ಮೊದಲನೆಯದು 1823ರಲ್ಲಿ ತೆರೆಯಿತು, ಎರಡನೆಯದು ಸಾಮ್ರಾಜ್ಯ ಮುಗಿದ ಮೇಲೆ 1919ರಲ್ಲಿ.

ಫೋಲ್ಕ್ಸ್‌ಗಾರ್ಟನ್ ಎಂದರೆ ಗುಲಾಬಿ, ಮೂರು ಸಾವಿರಕ್ಕೂ ಹೆಚ್ಚು ಗಿಡ. ಮೊದಲ ಅರಳು ಜೂನ್ ಮೊದಲರ್ಧದಲ್ಲಿ. ಆಮೇಲೆ ಸೆಪ್ಟೆಂಬರಿನಲ್ಲಿ ಮತ್ತೊಂದು ಸುತ್ತು, ಅಷ್ಟು ತುಂಬಿ ಅಲ್ಲದಿದ್ದರೂ. ಜುಲೈ ಕೊನೆಯಲ್ಲಿ ಬಂದು ನಿರಾಸೆಗೊಂಡವರ ದೂರಿಗೆ ತೋಟಗಾರರು ಹೊಣೆಯಲ್ಲ. ಗಿಡಗಳ ಬುಡದ ಪುಟ್ಟ ಫಲಕಗಳನ್ನು ಓದಿ ನೋಡಿ, ದುಡ್ಡು ಕೊಟ್ಟು ಗಿಡ ದತ್ತು ತೆಗೆದುಕೊಂಡವರು ಬರೆಸಿದ ಸಾಲುಗಳವು: ಮದುವೆ, ಹುಟ್ಟುಹಬ್ಬ, ತೀರಿಕೊಂಡವರ ನೆನಪು. ನವೆಂಬರಿನಿಂದ ಮಾರ್ಚಿನವರೆಗೆ ಬಂದರೆ ಕಾಣುವುದು ತಲೆಗೆ ಗೋಣಿ ಕಟ್ಟಿಸಿಕೊಂಡು ಸಾಲಾಗಿ ನಿಂತ ಗಿಡಗಳು. ಅದಕ್ಕೆ ಕಾರಣವಿದೆ. ಪೊದೆ ಗುಲಾಬಿಯ ಕಸಿಯ ಗಂಟು ಮಣ್ಣಿನ ಮಟ್ಟದಲ್ಲಿರುವುದರಿಂದ ಮಣ್ಣು ಏರಿಸಿದರೆ ಸಾಕು. ಎತ್ತರದ ಕಾಂಡದ ಮೇಲೆ ಕಸಿ ಮಾಡಿದ ಗುಲಾಬಿಗೆ ಆ ಗಂಟು ಗಾಳಿಯಲ್ಲೇ ಇರುತ್ತದೆ. ಹಿಮ ತಾಗಿ ಅದು ಸತ್ತರೆ ಕೆಳಗಿನ ಕಾಡು ಬೇರು ಮಾತ್ರ ಚಿಗುರುತ್ತದೆ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ನೀರು ಕಟ್ಟಿ ಕೊಳೆಯುತ್ತದೆ, ಗೋಣಿ ಉಸಿರಾಡಲು ಬಿಡುತ್ತದೆ.

ಬುರ್ಗ್‌ಗಾರ್ಟನ್‌ನಲ್ಲಿ ಹುಲ್ಲಿನ ಮೇಲೆ ಕೂರಬಹುದು. ಸರ್ಕಾರಿ ತೋಟಗಳಲ್ಲಿ ಇದು ಅಪರೂಪ, ಸುಮ್ಮನೆ ಸಿಕ್ಕಿದ್ದೂ ಅಲ್ಲ. 1979ರಲ್ಲಿ ಶುರುವಾದ ಯುವಜನರ ಪ್ರತಿಭಟನೆ, ಪೊಲೀಸರೊಡನೆ ಜಗ್ಗಾಟ ಎಲ್ಲ ಆಗಿಯೇ ಸಿಕ್ಕಿದ್ದು. ಈಗ ಬಿಸಿಲಿನ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಮೊಜಾರ್ಟ್ ಪ್ರತಿಮೆಯ ಮುಂದೆ ಹೂವಿನಲ್ಲಿ ಬಿಡಿಸಿದ ಸಂಗೀತ ಚಿಹ್ನೆಯ ಹತ್ತಿರ ಫೋಟೊ ಸಾಲು ಮುಗಿಯುವುದೇ ಇಲ್ಲ. ಬೆಳಿಗ್ಗೆ ಎಂಟರೊಳಗೆ ಬಂದರೆ ಯಾರೂ ಇರುವುದಿಲ್ಲ. ಇಲ್ಲಿನ ಗಾಜಿನ ಮನೆಯ ಒಂದು ಪಕ್ಕದಲ್ಲಿ ಚಿಟ್ಟೆಮನೆ ಇದೆ. ಚೆನ್ನಾಗಿದೆ, ಆದರೆ ಬಹಳ ಚಿಕ್ಕದು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೊಟ್ಟ ದುಡ್ಡಿಗೆ ಕಡಿಮೆಯಾಯಿತು ಅನ್ನಿಸಿದರೆ ಆಶ್ಚರ್ಯವಿಲ್ಲ.

ಷ್ಟಾಟ್‌ಪಾರ್ಕ್ 1862ರಲ್ಲಿ ತೆರೆದ, ನಗರವೇ ಮಾಡಿಸಿದ ಮೊದಲ ಸಾರ್ವಜನಿಕ ಪಾರ್ಕು. ಎಲ್ಲರೂ ಬರುವುದು ಸಂಗೀತಗಾರ ಯೋಹಾನ್ ಸ್ಟ್ರಾಸ್‌ನ ಚಿನ್ನದ ಲೇಪದ ಪ್ರತಿಮೆಗೆ. ಅದನ್ನು ನೋಡಿ ವಿಯೆನ್ ನದಿ ಸುರಂಗದಿಂದ ಹೊರಬರುವ ಕಡೆಯ ಕಲ್ಲಿನ ಕಮಾನು, ಮೆಟ್ಟಿಲುಗಳತ್ತ ನಡೆಯಿರಿ. ಪಾರ್ಕಿನ ಚೆಲುವೆಲ್ಲ ಅಲ್ಲಿದೆ. ರಾತ್ರಿಯೂ ತೆರೆದಿರುತ್ತದೆ.

ಔಗಾರ್ಟನ್‌ಗೆ ಪ್ರವಾಸಿಗರು ಬರುವುದು ಕಡಿಮೆ, ಅದು ಅನ್ಯಾಯ. ಎರಡನೇ ಜಿಲ್ಲೆಯ ಈ 52 ಹೆಕ್ಟೇರ್ ತೋಟವನ್ನು ಚಕ್ರವರ್ತಿ ಎರಡನೇ ಯೋಸೆಫ್ 1775ರಲ್ಲಿ ಜನರಿಗೆ ಬಿಟ್ಟುಕೊಟ್ಟ. ಎಲ್ಲ ಮನುಷ್ಯರ ಸಂತೋಷಕ್ಕೆಂದು ಮೀಸಲಿಟ್ಟ ಜಾಗ ಎಂಬರ್ಥದ ಬರಹ ಗೇಟಿನ ಮೇಲೆ ಇಂದಿಗೂ ಇದೆ. ನೇರ ಸಾಲಿನಲ್ಲಿ ಕತ್ತರಿಸಿದ ಮರಗಳ ನಡುವಿನ ಹಾದಿಗಳಲ್ಲಿ ನಡೆಯುತ್ತಾ ಹೋದರೆ ತುದಿಯಲ್ಲಿ ಎರಡನೇ ಮಹಾಯುದ್ಧದ ಕಾಂಕ್ರೀಟ್ ವಿಮಾನವಿರೋಧಿ ಗೋಪುರಗಳು ಎದುರಾಗುತ್ತವೆ. ಗೋಡೆ ಎಷ್ಟು ದಪ್ಪವೆಂದರೆ ಸುತ್ತಲಿನ ಮನೆಗಳಿಗೆ ಅಪಾಯವಿಲ್ಲದೆ ಸಿಡಿಸಿ ಕೆಡವುವುದು ಸಾಧ್ಯವಾಗಿಲ್ಲ. ಹೂಪಾತಿಗಳ ಆಚೆ ಅಷ್ಟೆತ್ತರದ ಬೂದು ಗೋಡೆ ನಿಂತಿರುವ ಈ ನೋಟವನ್ನು ಯಾವ ಮಾರ್ಗದರ್ಶಿಯೂ ಮುಖಪುಟಕ್ಕೆ ಹಾಕುವುದಿಲ್ಲ, ವಿಯೆನ್ನಾ ಅರ್ಥವಾಗಬೇಕಾದರೆ ಮಾತ್ರ ನೋಡಲೇಬೇಕು. 1718ರಲ್ಲಿ ಸ್ಥಾಪನೆಯಾದ ಪಿಂಗಾಣಿ ಕಾರ್ಖಾನೆಯೂ ಈ ಆವರಣದಲ್ಲೇ ಇದೆ. ಯು2ರಲ್ಲಿ ಟಾಬೋರ್‌ಷ್ಟ್ರಾಸೆ ನಿಲ್ದಾಣ. ಎಚ್ಚರಿಕೆ ಒಂದೇ: ಸುತ್ತಲೂ ಉದ್ದನೆಯ ಗೋಡೆ, ಗೇಟುಗಳು ದೂರ ದೂರ. ಕತ್ತಲಾಗುವ ಹೊತ್ತಿಗೆ ತಪ್ಪು ಮೂಲೆಯಲ್ಲಿದ್ದರೆ ತೆರೆದ ಗೇಟು ಹುಡುಕಿಕೊಂಡು ಗೋಡೆಗುಂಟ ಓಡಬೇಕಾಗುತ್ತದೆ. ಬರುವಾಗಲೇ ಗೇಟಿನ ಮೇಲಿನ ಸಮಯ ಓದಿಕೊಳ್ಳಿ.

ಪ್ರಾಟರ್ ಬಗ್ಗೆ ಇರುವ ತಪ್ಪು ಕಲ್ಪನೆ ಎಂದರೆ ಅದು ಜಾತ್ರೆಯ ಮೈದಾನ. 1897ರ ದೊಡ್ಡ ಚಕ್ರ, 64.75 ಮೀಟರ್ ಎತ್ತರದ್ದು, ಆ ಜಾತ್ರೆಯ ತುದಿಯಲ್ಲಿದೆ ನಿಜ. ಆದರೆ ಅದು ಪ್ರಾಟರ್‌ನ ಒಂದು ಮೂಲೆ. ಉಳಿದದ್ದು ಚಕ್ರವರ್ತಿಗಳ ಬೇಟೆಯ ಕಾಡಾಗಿದ್ದು, 1766ರಲ್ಲಿ ಯೋಸೆಫ್ ಜನರಿಗೆ ತೆರೆದದ್ದು. ಅದರ ಬೆನ್ನೆಲುಬು ಹಾಪ್ಟ್‌ಅಲೇ ಎಂಬ 4.4 ಕಿಲೋಮೀಟರ್ ನೇರ ರಸ್ತೆ. ಕಾರುಗಳಿಲ್ಲ, ಎರಡೂ ಕಡೆ ಹಾರ್ಸ್ ಚೆಸ್ಟ್‌ನಟ್ ಮರಗಳು. 2019ರ ಅಕ್ಟೋಬರ್ 12ರಂದು ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮ್ಯಾರಥಾನ್ ದೂರ ಓಡಿದ್ದು ಇಲ್ಲೇ. ಸಪಾಟು ನೆಲ, ಗಾಳಿ ತಡೆಯುವ ಮರಗಳ ಸಾಲು, ಈ ಎರಡು ಕಾರಣಕ್ಕೆ ಈ ರಸ್ತೆಯನ್ನು ಆರಿಸಿದ್ದರು. ಹೋಗುವಾಗ ನಡೆದು, ತುದಿಯ ಲುಸ್ಟ್‌ಹೌಸ್ ಮಂಟಪದಿಂದ ಬಸ್ 77ಎ ಹಿಡಿದು ಮರಳಬಹುದು. ಎರಡೂ ಕಡೆ ನಡೆಯುತ್ತೇವೆಂದರೆ ಬೇಸರ ಬರುತ್ತದೆ, ನೇರ ರಸ್ತೆಯ ಗುಣವೇ ಅದು.

ಈ ಮರಗಳು ಹೂ ಬಿಡುವುದು ಏಪ್ರಿಲ್ ಕೊನೆ, ಮೇ ಆರಂಭದಲ್ಲಿ. ಪ್ರಾಟರ್‌ಗೆ ಅದೇ ಸುಗ್ಗಿ. ಆಗಸ್ಟಿನಲ್ಲಿ ಎಲೆಗಳೆಲ್ಲ ಕಂದಾಗಿ ಸುರುಟಿರುವುದನ್ನು ಕಂಡು ಬರಗಾಲವೆಂದು ತಿಳಿಯಬೇಡಿ. ಎಲೆಯ ಪದರದೊಳಗೆ ಸುರಂಗ ಕೊರೆಯುವ ಪುಟ್ಟ ಪತಂಗದ ಮರಿಹುಳುಗಳ ಕೆಲಸವದು. 1980ರ ದಶಕದಲ್ಲಿ ಬಾಲ್ಕನ್ ಪ್ರದೇಶದಲ್ಲಿ ಮೊದಲು ಗುರುತಿಸಿದ ಈ ಕೀಟ ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾ ತಲುಪಿತು. ಅದರ ಕೋಶ ಚಳಿಗಾಲ ಕಳೆಯುವುದು ಉದುರಿದ ಎಲೆಯಲ್ಲಿ. ಆದ್ದರಿಂದಲೇ ಶರತ್ಕಾಲದಲ್ಲಿ ಎಲೆ ಗುಡಿಸಿ ಸಾಗಿಸುವುದಕ್ಕೆ ಇಲ್ಲಿ ಅಷ್ಟು ಮಹತ್ವ. ಮರ ಸಾಯುವುದಿಲ್ಲ, ನೆರಳು ಮಾತ್ರ ತೆಳ್ಳಗಾಗುತ್ತದೆ.

ಸೆಕೆಗಾಲಕ್ಕೆ ಉಳಿಯುವ ದಾರಿ ಡ್ಯಾನ್ಯೂಬ್ ದ್ವೀಪ. 21 ಕಿಲೋಮೀಟರ್ ಉದ್ದದ, ಹೆಚ್ಚೆಂದರೆ 250 ಮೀಟರ್ ಅಗಲದ ಈ ದ್ವೀಪ ಪಾರ್ಕಿಗೆಂದು ಮಾಡಿದ್ದಲ್ಲ. 1972ರಿಂದ 1988ರವರೆಗೆ ನೆರೆ ತಡೆಯಲು ಹೊಸ ಕಾಲುವೆ ತೋಡಿದಾಗ ತೆಗೆದ ಮಣ್ಣಿನ ರಾಶಿಯೇ ದ್ವೀಪವಾಯಿತು. ಹೊಸ ಡ್ಯಾನ್ಯೂಬ್ ಎಂಬ ಆ ಕಾಲುವೆ ಸಾಮಾನ್ಯ ದಿನಗಳಲ್ಲಿ ನಿಂತ ಕೆರೆ, ಈಜಲು ಯೋಗ್ಯ. ನದಿ ಉಕ್ಕಿದಾಗ ಮೇಲ್ಭಾಗದ ಬಾಗಿಲು ತೆರೆದು ಹೆಚ್ಚಿನ ನೀರನ್ನು ಅದರಲ್ಲಿ ಹರಿಸುತ್ತಾರೆ. 2024ರ ಸೆಪ್ಟೆಂಬರ್ ನೆರೆಯಲ್ಲೂ ಊರನ್ನು ಕಾಪಾಡಿದ್ದು ಇದೇ ವ್ಯವಸ್ಥೆ. ಹಾಗೆ ನೀರು ಬಿಟ್ಟ ದಿನಗಳಲ್ಲಿ, ಆಮೇಲೆ ನೀರು ತಿಳಿಯಾಗುವವರೆಗೂ, ಈಜು ನಿಷಿದ್ಧ. ಈಜುವುದು ಸದಾ ಈ ಕಾಲುವೆಯ ಕಡೆಯಲ್ಲೇ. ದ್ವೀಪದ ಇನ್ನೊಂದು ಬದಿಯ ಮುಖ್ಯ ನದಿಯಲ್ಲಿ ಸೆಳೆತವೂ ಹಡಗುಗಳೂ ಇವೆ. ಯು1ರ ಡೊನಾವ್‌ಇನ್ಸೆಲ್ ನಿಲ್ದಾಣದ ಸುತ್ತ ಜನ ಕಿಕ್ಕಿರಿದಿರುತ್ತಾರೆ. ಉತ್ತರಕ್ಕೋ ದಕ್ಷಿಣಕ್ಕೋ ಒಂದೆರಡು ಕಿಲೋಮೀಟರ್ ಸರಿದರೆ ದಡವೆಲ್ಲ ನಿಮ್ಮದೇ. ಎರಡು ತುದಿಗಳಲ್ಲಿ ಬಟ್ಟೆಯಿಲ್ಲದೆ ಈಜುವವರ ಜಾಗಗಳಿವೆ, ಫಲಕ ನೋಡಿ ಮುಂದುವರಿಯಿರಿ. ಒಲೆ ಹಚ್ಚಿ ಅಡುಗೆ ಮಾಡುವುದು ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ. ಅವುಗಳಲ್ಲಿ ಹಲವನ್ನು ಮುಂಚೆಯೇ ಕಾಯ್ದಿರಿಸಬೇಕು.

ಒಂದು ಪೂರ್ತಿ ದಿನವಿದ್ದರೆ ಲೈನ್ಸರ್ ಟಿಯರ್‌ಗಾರ್ಟನ್. ಹೆಸರು ಮೃಗಾಲಯದ್ದಾದರೂ ಇದು ಗೋಡೆ ಕಟ್ಟಿದ ಕಾಡು; ಸುಮಾರು 2,450 ಹೆಕ್ಟೇರ್, ಓಕ್ ಮತ್ತು ಬೀಚ್ ಮರಗಳು, ಬಿಡುಬೀಸಾಗಿ ತಿರುಗುವ ಕಾಡುಹಂದಿ, ಜಿಂಕೆ. ಪ್ರವೇಶ ಉಚಿತ. ನಾಯಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಚಕ್ರವರ್ತಿ ಫ್ರಾನ್ಸ್ ಯೋಸೆಫ್ ತನ್ನ ಹೆಂಡತಿ ಎಲಿಸಬೆತ್‌ಗೆಂದು ಕಟ್ಟಿಸಿದ ಹೆರ್ಮೆಸ್‌ವಿಲ್ಲಾ ಇರುವುದು ಲೈನ್ಸ್ ಗೇಟಿನ ಕಡೆ. ಅಲ್ಲಿ ಭಾನುವಾರ ಜನ ಹೆಚ್ಚು. ಕಾಡು ಬೇಕಾದವರು ಯು4ರ ಕೊನೆಯ ನಿಲ್ದಾಣ ಹ್ಯುಟಲ್‌ಡಾರ್ಫ್‌ನಿಂದ ನಿಕೊಲಾಯ್ ಗೇಟಿಗೆ ನಡೆದು ಹೋಗಿ. ಅಲ್ಲಿಂದ ವೀನರ್‌ಬ್ಲಿಕ್ ಎಂಬ ಬಯಲಿಗೆ ಏರಿದರೆ ಇಡೀ ನಗರ ಕೆಳಗೆ ಹರಡಿರುತ್ತದೆ. ಕಾಡುಹಂದಿ ಸಾಮಾನ್ಯವಾಗಿ ದಾರಿ ಬಿಟ್ಟು ಸರಿಯುತ್ತದೆ. ವಸಂತದಲ್ಲಿ ಮರಿಗಳ ಜೊತೆಗಿರುವ ತಾಯಿ ಮಾತ್ರ ಬೇರೆ ವಿಷಯ. ದೂರ ನಿಲ್ಲಿ, ತಿನಿಸು ಎಸೆಯಬೇಡಿ. ಗೇಟು ಮುಚ್ಚುವ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಹಿಂತಿರುಗುವ ಹಾದಿ ಹಿಡಿಯಬೇಕು. ಗೇಟುಗಳ ನಡುವಿನ ದೂರ ನಕ್ಷೆಯಲ್ಲಿ ಕಂಡದ್ದಕ್ಕಿಂತ ಕಾಲಿಗೆ ಹೆಚ್ಚು.

ಕಾಡುಹಂದಿಗಿಂತಲೂ ಅಪಾಯದ ಪ್ರಾಣಿ ಉಣ್ಣಿ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಜೀವಿ. ಮಾರ್ಚಿನಿಂದ ನವೆಂಬರಿನವರೆಗೆ ಎತ್ತರದ ಹುಲ್ಲು, ಪೊದೆಯಂಚಿನಲ್ಲಿ ಇರುತ್ತದೆ, ಲೈಮ್ ರೋಗ ಮತ್ತು ಮಿದುಳಿನ ಉರಿಯೂತ ಎರಡನ್ನೂ ಹರಡಬಲ್ಲದು. ಎರಡನೆಯದಕ್ಕೆ ಲಸಿಕೆಯುಂಟು, ಆಸ್ಟ್ರಿಯಾದವರಲ್ಲಿ ಬಹುತೇಕರು ಹಾಕಿಸಿಕೊಂಡಿರುತ್ತಾರೆ. ಮೊದಲನೆಯದಕ್ಕೆ ಮೈ ನೋಡಿಕೊಳ್ಳುವುದೇ ಮದ್ದು. ಪ್ಯಾಂಟನ್ನು ಸಾಕ್ಸಿನೊಳಗೆ ತೂರಿಸಿ, ಹಾದಿಯ ನಡುವೆಯೇ ನಡೆಯಿರಿ, ಸಂಜೆ ಮೊಣಕಾಲಿನ ಹಿಂದೆ, ಸೊಂಟ, ಕಂಕುಳು ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಎಳೆಯಿರಿ. ಎಣ್ಣೆ ಸವರುವುದು, ಬಿಸಿ ತಾಗಿಸುವುದು ಬೇಡ.

ನೀರಿನ ಬಾಟಲಿ ಕೊಳ್ಳಬೇಡಿ. ಆಲ್ಪ್ಸ್ ಬೆಟ್ಟದ ಚಿಲುಮೆ ನೀರು 1873ರಿಂದ ಕೊಳವೆಯಲ್ಲಿ ಊರಿಗೆ ಬರುತ್ತಿದೆ, ಪಾರ್ಕುಗಳ ಕುಡಿಯುವ ನಲ್ಲಿಗಳಲ್ಲಿ ಅದೇ ಹರಿಯುವುದು. ಚಳಿಗಾಲದಲ್ಲಿ ಕೊಳವೆ ಒಡೆಯದಿರಲೆಂದು ಈ ನಲ್ಲಿಗಳನ್ನು ನಿಲ್ಲಿಸುತ್ತಾರೆ. ಶೌಚಾಲಯಕ್ಕೆ 50 ಸೆಂಟ್ ನಾಣ್ಯ ಜೇಬಿನಲ್ಲಿರಲಿ.

ಚಳಿಗಾಲದಲ್ಲಿ ಬರುವವರಿಗೆ ಲೆಕ್ಕವೇ ಬೇರೆ. ಷೋನ್‌ಬ್ರುನ್ ಸಂಜೆ ಐದೂವರೆಯ ಸುಮಾರಿಗೇ ಮುಚ್ಚುತ್ತದೆ, ಆಲ್ಪೈನ್ ತೋಟಕ್ಕೆ ಬೀಗ, ಗುಲಾಬಿಗೆ ಗೋಣಿ. ಆಗ ತಾಳೆಮನೆಗೆ ಕೊಡುವ ದುಡ್ಡು ದುಬಾರಿಯಲ್ಲ. ಕೊರೆಯುವ ಚಳಿಯಿಂದ ನೇರ ಒಳಗೆ ಹೋದರೆ ಕನ್ನಡಕವೂ ಲೆನ್ಸೂ ಮಂಜು ಹಿಡಿಯುತ್ತವೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಇಟ್ಟು, ಮೊದಲು ತಂಪಿನ ಭಾಗದಲ್ಲಿ ಕಾಲು ಗಂಟೆ ಅಡ್ಡಾಡಿ, ಆಮೇಲೆ ಹೊರತೆಗೆಯಿರಿ. ಉಷ್ಣವಲಯದ ಭಾಗವನ್ನು ಕೊನೆಗಿಡಿ.